ಕುತ್ತಿಗೆಯ ನೀರುಗಂಟು: ಕತ್ತರಿಗೆ ಮುಂಚೆ ಸೂಜಿ, ಸೂಜಿಗೆ ಮುಂಚೆ ಸ್ಕ್ಯಾನ್

ಗಂಟಲ ಮುಂಭಾಗದಲ್ಲಿ ಹಣ್ಣಡಿಕೆ ಗಾತ್ರದ ಗಂಟು ಎದ್ದಿದೆ. ನೋವಿಲ್ಲ, ಜ್ವರವಿಲ್ಲ. ಸ್ಕ್ಯಾನ್ ಮಾಡಿಸಿದರೆ ‘ಒಳಗೆ ನೀರಿದೆ, ಸಿಸ್ಟ್’ ಎಂದು ಬರೆದುಕೊಟ್ಟಿದ್ದಾರೆ. ಮುಂದೇನು ಅಂದರೆ ಒಬ್ಬರು ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಸೂಜಿ ಹಾಕಿ ನೀರು ತೆಗೆದುಬಿಡೋಣ ಎನ್ನುತ್ತಾರೆ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ನೀರು ತೆಗೆದ ಸೂಜಿಯಲ್ಲೇ ಶುದ್ಧ ಎಥನಾಲ್, ಅಂದರೆ ಆಲ್ಕೋಹಾಲ್, ಒಳಗೆ ಬಿಟ್ಟು, ಗಂಟಿನ ಒಳಗೋಡೆಯನ್ನು ಒಣಗಿಸುವುದು. ಆಸ್ಪತ್ರೆಯ ಭಾಷೆಯಲ್ಲಿ ಎಥನಾಲ್ ಅಬ್ಲೇಶನ್.

ಬಾವಿಗೆ ಪಂಪ್ ಇಟ್ಟು ಸಂಜೆ ಖಾಲಿ ಮಾಡಿದರೂ ಒರತೆ ಇರುವ ತನಕ ಬೆಳಗಾಗುವಷ್ಟರಲ್ಲಿ ಮತ್ತೆ ನೀರು. ನೀರುಗಂಟಿನದೂ ಅದೇ ಪಾಡು. ಬರೀ ನೀರು ತೆಗೆಸಿದ ಥೈರಾಯ್ಡ್ ಸಿಸ್ಟ್‌ಗಳಲ್ಲಿ 100ಕ್ಕೆ 60ರಿಂದ 90 ಮತ್ತೆ ತುಂಬಿಕೊಳ್ಳುತ್ತವೆ. ಇಲ್ಲಿ ಒರತೆ ಅಂದರೆ ಚೀಲದ ಒಳಪದರದ ಜೀವಕೋಶಗಳು. ಶೇ 95ರಿಂದ 99ರಷ್ಟು ಗಟ್ಟಿಯಾದ ಎಥನಾಲ್ ಆ ಕೋಶಗಳ ನೀರನ್ನು ಹೀರುತ್ತದೆ, ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಗೋಡೆಗೆ ರಕ್ತ ತರುವ ಕೂದಲೆಳೆಯಂಥ ನಾಳಗಳನ್ನು ಮುಚ್ಚುತ್ತದೆ. ಆಮೇಲೆ ಚೀಲ ತಿಂಗಳುಗಟ್ಟಲೆ ಸುಕ್ಕುತ್ತಾ ಹೋಗಿ ಗಾಯದ ಕಲೆಯಂಥ ನಾರಾಗುತ್ತದೆ. ಮತ್ತೆ ಮತ್ತೆ ತುಂಬುವ ಥೈರಾಯ್ಡ್ ನೀರುಗಂಟಿಗೆ ಮೊದಲ ಚಿಕಿತ್ಸೆಯಾಗಿ ಇದನ್ನೇ ಪರಿಗಣಿಸಬೇಕೆಂದು ಯುರೋಪಿಯನ್ ಥೈರಾಯ್ಡ್ ಅಸೋಸಿಯೇಷನ್‌ನ 2020ರ ಮಾರ್ಗಸೂಚಿ ಹೇಳುತ್ತದೆ. ಸೂಜಿ ಹಾಕುವುದು 20 ನಿಮಿಷದ ಕೆಲಸ. ಆ ಗಂಟು ಈ ಚಿಕಿತ್ಸೆಗೆ ತಕ್ಕದ್ದೇ ಎಂದು ತೀರ್ಮಾನಿಸುವುದೇ ಕಷ್ಟ, ಎಡವುವುದೂ ಹೆಚ್ಚಾಗಿ ಅಲ್ಲಿಯೇ.

ಎಲ್ಲಿದೆ ಎನ್ನುವುದರಲ್ಲೇ ಅರ್ಧ ಉತ್ತರ

ಕನ್ನಡಿ ಮುಂದೆ ನಿಂತು ಗಲ್ಲ ಸ್ವಲ್ಪ ಮೇಲೆತ್ತಿ, ಒಂದು ಗುಟುಕು ನೀರು ನುಂಗಿ. ಗಂಟು ಮೇಲೆ ಹೋಗಿ ಕೆಳಗಿಳಿದರೆ ಅದು ಥೈರಾಯ್ಡ್ ಗ್ರಂಥಿಗೆ ಅಂಟಿದ್ದಿರಬೇಕು. ಈಗ ಬಾಯಿ ತೆರೆದು ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿ. ಸರಿಯಾಗಿ ನಡುಮಧ್ಯದಲ್ಲಿರುವ ಗಂಟು ನಾಲಿಗೆ ಚಾಚಿದಾಗಲೂ ಮೇಲಕ್ಕೆ ಜಗ್ಗಿದರೆ ಅದು ಥೈರೋಗ್ಲಾಸಲ್ ಸಿಸ್ಟ್ ಇರಬಹುದು. ಭ್ರೂಣದಲ್ಲಿ ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕುತ್ತಿಗೆಗೆ ಇಳಿದ ದಾರಿ ಮುಚ್ಚದೆ ಉಳಿದರೆ ಅದರಲ್ಲಿ ನೀರು ತುಂಬುತ್ತದೆ.

ಕಿವಿಯ ಹಿಂದಿನಿಂದ ಎದೆಮೂಳೆಗೆ ಓರೆಯಾಗಿ ಇಳಿಯುವ ದಪ್ಪ ಸ್ನಾಯುವಿನ ಮುಂಚಿನ ಅಂಚಿನಲ್ಲಿ, ದವಡೆಯ ಮೂಲೆಯ ಕೆಳಗೆ ಮೆತ್ತಗೆ ಉಬ್ಬಿರುವುದು ಹೆಚ್ಚಾಗಿ ಬ್ರಾಂಕಿಯಲ್ ಸಿಸ್ಟ್. ಹರೆಯದವರಲ್ಲಿ ಕಾಣಿಸಿಕೊಂಡು, ನೆಗಡಿ ಬಂದಾಗ ದೊಡ್ಡದಾಗುವುದು ಇದರ ಸ್ವಭಾವ. ಎಳೆ ಮಕ್ಕಳ ಕುತ್ತಿಗೆಯ ಪಕ್ಕದಲ್ಲಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದರೆ ಕೆಂಪಗೆ ಬೆಳಗುವ ಮೆತ್ತನೆಯ ಊತ ಲಿಂಫ್ ನಾಳಗಳ ಹುಟ್ಟುದೋಷ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಸಿಸ್ಟಿಕ್ ಹೈಗ್ರೋಮಾ ಎನ್ನುತ್ತಿದ್ದರು.

ಮಲೆನಾಡಿನ ಹಳ್ಳಿಗಳಲ್ಲಿ ಗಂಟಲ ಮುಂದೆ ಎದ್ದಿದ್ದೆಲ್ಲವೂ ‘ಗಳಗಂಡ’. ಉಪ್ಪು ಬದಲಾಯಿಸಿದರೆ ಹೋಗುತ್ತದೆ ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ಅಯೋಡಿನ್ ಉಪ್ಪು ಎಲ್ಲರೂ ತಿನ್ನಲೇಬೇಕಾದದ್ದು, ಆದರೆ ಒಮ್ಮೆ ಕಟ್ಟಿಕೊಂಡ ನೀರಿನ ಚೀಲ ಅದರಿಂದ ಕರಗುವುದಿಲ್ಲ. ಸುಣ್ಣ ಬೆಲ್ಲ ಕಲಸಿ ಹಚ್ಚುವುದು, ಬರೆ ಹಾಕುವುದು ಬೇಡವೇ ಬೇಡ. ಚರ್ಮ ಸುಟ್ಟು ಹುಣ್ಣಾದರೆ ಅದು ಮಾಯುವ ತನಕ ಆ ಜಾಗದಲ್ಲಿ ಯಾವ ಡಾಕ್ಟರೂ ಸೂಜಿ ಹಾಕಲಾರರು.

ನೀರಿನಂತೆ ಕಂಡರೂ ಎಥನಾಲ್ ಬಿಡಬಾರದ ಗಂಟುಗಳು

ಮೊದಲನೆಯದು ಕ್ಷಯ. ನಮ್ಮ ಕಡೆ ‘ಗಂಡಮಾಲೆ’ ಎಂದು ಕರೆಯುವ ಕುತ್ತಿಗೆ ಗ್ರಂಥಿಗಳ ಟಿಬಿ ಒಳಗೊಳಗೇ ಕೀವಾಗಿ, ಮುಟ್ಟಿದರೆ ಬಿಸಿಯೂ ಇಲ್ಲದ ಮೆತ್ತನೆಯ ಊತವಾಗುತ್ತದೆ. ಸ್ಕ್ಯಾನಿನಲ್ಲಿ ಅದೂ ದ್ರವವೇ. ಸಂಜೆ ಜ್ವರ, ತೂಕ ಇಳಿಕೆ, ಪಕ್ಕದಲ್ಲಿ ಒಂದಕ್ಕೊಂದು ಅಂಟಿದ ಇನ್ನಷ್ಟು ಗಂಟುಗಳಿದ್ದರೆ ಮೊದಲು ಇದನ್ನೇ ನೆನೆಯಬೇಕು. ಸೂಜಿಯಲ್ಲಿ ಬಂದ ಕೀವನ್ನು ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಗೆ ಕಳಿಸಿದರೆ ಗೊತ್ತಾಗುತ್ತದೆ. ಮದ್ದು ಮಾತ್ರೆಗಳೇ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇದನ್ನು ಸಾಮಾನ್ಯ ಕುರುವೆಂದು ಕೊಯ್ದರೆ ತಿಂಗಳಾನುಗಟ್ಟಲೆ ಸೋರುವ ತೂತು ಉಳಿದುಬಿಡುತ್ತದೆ.

ಎರಡನೆಯದು ಇನ್ನೂ ಗಂಭೀರ. 40 ದಾಟಿದವರ ಕುತ್ತಿಗೆಯ ಪಕ್ಕದಲ್ಲಿ ಹೊಸದಾಗಿ ಎದ್ದ ನೀರುಗಂಟನ್ನು, ಅಲ್ಲ ಎಂದು ಸಾಬೀತಾಗುವ ತನಕ ಕ್ಯಾನ್ಸರ್ ಎಂದೇ ಹಿಡಿದು ಹುಡುಕುವುದು ಇಎನ್‌ಟಿ ವೈದ್ಯರ ನಿಯಮ. ಟಾನ್ಸಿಲ್, ನಾಲಿಗೆ ಬುಡ, ಬಾಯಿ ಅಥವಾ ಥೈರಾಯ್ಡ್‌ನ ಕ್ಯಾನ್ಸರ್ ಗ್ರಂಥಿಗೆ ಹರಡಿದಾಗ ಆ ಗ್ರಂಥಿಯ ಒಳಭಾಗ ಕರಗಿ ನೀರಾಗಬಹುದು. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಅಭ್ಯಾಸವಿದ್ದವರು ಡಾಕ್ಟರ್ ಕೇಳುವ ಮೊದಲೇ ಹೇಳಿಬಿಡಿ. ಅಡಿಕೆ ನಾಡಿನಲ್ಲಿ ಅದನ್ನೊಂದು ಚಟವೆಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಹಾಗಾಗಿ ಕೇಸ್‌ಶೀಟಿನಲ್ಲೂ ಬರುವುದಿಲ್ಲ. ಬಾಯಿ, ಗಂಟಲಿನ ಒಳಗೆ ಬೆಳಕು ಬಿಟ್ಟು, ದುರ್ಬೀನು ಹಾಕಿ ನೋಡದೆ ಈ ವಯಸ್ಸಿನವರ ಪಕ್ಕದ ಗಂಟಿಗೆ ಎಥನಾಲ್ ಬಿಡುವುದು ತಪ್ಪು.

ಬೆರಳಿಟ್ಟರೆ ನಾಡಿಯಂತೆ ಬಡಿಯುವ ಗಂಟಿಗೆ, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗುವ ತನಕ ಸೂಜಿಯೇ ಬೇಡ. ಅದು ರಕ್ತನಾಳದ್ದೇ ಗೆಡ್ಡೆ ಇರಬಹುದು. ಡರ್ಮಾಯ್ಡ್ ಸಿಸ್ಟಿನ ಒಳಗಿರುವುದು ಬೆಣ್ಣೆಯಂಥ ಜಿಡ್ಡು. ಅದನ್ನು ಎಳೆಯಲೂ ಆಗದು, ಒಣಗಿಸಲೂ ಆಗದು, ತೆಗೆಸಿಬಿಡುವುದೇ ಸರಿ. ಇನ್ನು ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕದ ತಿಂಗಳುಗಳಲ್ಲಿ ಕಾಡಿಗೆ, ತೋಟದಂಚಿಗೆ ಹೋಗಿ ಬಂದು ಜ್ವರದ ಜೊತೆ ಕುತ್ತಿಗೆಯ ಗ್ರಂಥಿಗಳು ಊದಿದ್ದರೆ ಅದು ಬೇರೆಯದೇ ಲೆಕ್ಕ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮೊದಲು ತಳ್ಳಿಹಾಕಬೇಕು. ಅದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಸೂಜಿ ಚುಚ್ಚುವ ಕಾಲ ಅದಲ್ಲ.

ಪರೀಕ್ಷೆಗಳು

ಕುತ್ತಿಗೆಯ ಅಲ್ಟ್ರಾಸೌಂಡ್ ಮೊದಲು. ಬರೀ ‘ಸಿಸ್ಟ್’ ಎಂದು ಬರೆದ ಒಂದು ಸಾಲಿನ ರಿಪೋರ್ಟ್ ಸಾಲದು. ಮೂರು ದಿಕ್ಕಿನ ಅಳತೆ, ಎಷ್ಟು ಭಾಗ ನೀರು ಎಷ್ಟು ಭಾಗ ಗಟ್ಟಿ, ಗಟ್ಟಿ ಭಾಗದಲ್ಲಿ ರಕ್ತ ಹರಿಯುತ್ತಿದೆಯೇ, ಸುಣ್ಣದ ಕಣಗಳಿವೆಯೇ, ಅಕ್ಕಪಕ್ಕದ ಗ್ರಂಥಿಗಳು ಹೇಗಿವೆ, ಇಷ್ಟೂ ಬೇಕು. ಥೈರೋಗ್ಲಾಸಲ್ ಸಿಸ್ಟ್ ಎಂದು ಅನುಮಾನವಿದ್ದರೆ ಥೈರಾಯ್ಡ್ ತನ್ನ ಜಾಗದಲ್ಲಿ ಇದೆಯೇ ಎಂಬುದನ್ನೂ ಬರೆಸಿಕೊಳ್ಳಿ. ಅಪರೂಪಕ್ಕೆ, ಗಂಟು ಎಂದುಕೊಂಡದ್ದೇ ಆ ಮನುಷ್ಯನಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತದೆ.

ಗಾತ್ರದ ಲೆಕ್ಕ ಮನೆಯಲ್ಲೇ ಮಾಡಬಹುದು: ಉದ್ದ × ಅಗಲ × ಆಳ × 0.52. 4 × 3 × 3 ಸೆಂ.ಮೀ. ಗಂಟು ಅಂದರೆ ಸುಮಾರು 18.7 ಮಿ.ಲೀ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಫಲಿತಾಂಶ ಅಳೆಯುವುದು ಇದರ ಮೇಲೆಯೇ. ಆರು ತಿಂಗಳ ಬಳಿಕ ಅದೇ ಗಂಟು 2 × 1.5 × 1.5 ಆಗಿದ್ದರೆ ‘ಅರ್ಧ ಮಾತ್ರ ಇಳಿದಿದೆ’ ಎಂದು ಬೇಜಾರು ಮಾಡಿಕೊಳ್ಳುವವರಿದ್ದಾರೆ. ಲೆಕ್ಕ ಹಾಕಿದರೆ ಉಳಿದಿರುವುದು 2.3 ಮಿ.ಲೀ., ಎಂಟನೇ ಒಂದು ಪಾಲು. ಅಂದರೆ ಶೇ 87ಕ್ಕೂ ಹೆಚ್ಚು ಹೋಗಿದೆ.

ರಕ್ತದಲ್ಲಿ ಟಿಎಸ್‌ಎಚ್ ನೋಡಿಸಬೇಕು. ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್ ಅದು, ತೀರಾ ಕಡಿಮೆ ಬಂದರೆ ಗಂಟು ತಾನೇ ಹಾರ್ಮೋನ್ ಸುರಿಸುತ್ತಿರಬಹುದು, ಆಗ ದಾರಿಯೇ ಬೇರೆ. ಆಮೇಲೆ ಎಫ್‌ಎನ್‌ಎಸಿ. ಅಂದರೆ ಸಣ್ಣ ಸೂಜಿಯಲ್ಲಿ ಕೋಶ ಎಳೆದು ನೋಡುವ ಪರೀಕ್ಷೆ. ಅದರ ರಿಪೋರ್ಟಿನಲ್ಲಿ ಬೆಥೆಸ್ಡಾ ಎಂದು 1ರಿಂದ 6ರ ತನಕ ವರ್ಗ ಹಾಕಿರುತ್ತಾರೆ. ‘2’ ಎಂದರೆ ನಿರಪಾಯ. ‘1’ ಎಂದರೆ ಎಲ್ಲಕ್ಕಿಂತ ಒಳ್ಳೆಯದು ಎಂದು ಖುಷಿಪಡುವುದು ಸಾಮಾನ್ಯ, ಅದು ಅಪಾರ್ಥ. ‘1’ ಅಂದರೆ ಹೇಳಲು ಸಾಕಷ್ಟು ಕೋಶ ಸಿಕ್ಕಿಲ್ಲ. ಬರೀ ನೀರು ಸಿಕ್ಕಿದಾಗಲೂ ‘1’ ಎಂದೇ ಬರೆಯುತ್ತಾರೆ. ಸ್ಕ್ಯಾನಿನಲ್ಲಿ ಅಪ್ಪಟ ನೀರುಗಂಟಾಗಿದ್ದರೆ ಅದಕ್ಕೆ ಹೆದರಬೇಕಿಲ್ಲ. ಗಟ್ಟಿ ಭಾಗವಿದ್ದರೆ ಮಾತ್ರ ಅದೇ ಭಾಗಕ್ಕೆ ಗುರಿಯಿಟ್ಟು ಮತ್ತೆ ಸೂಜಿ ಹಾಕಿಸಿ, ನಿರಪಾಯ ಎಂಬ ಉತ್ತರ ಬಂದ ಮೇಲೆ ಮುಂದುವರಿಯಬೇಕು.

ದನಿಪೆಟ್ಟಿಗೆಯನ್ನೊಮ್ಮೆ ನೋಡಿಸುವುದು ಒಳ್ಳೆಯದು. ಮೊದಲೇ ದನಿ ಒಡೆದಿದ್ದರೆ, ಕುತ್ತಿಗೆಗೆ ಹಿಂದೆ ಆಪರೇಷನ್ ಆಗಿದ್ದರೆ ಈ ಪರೀಕ್ಷೆಯನ್ನು ತಪ್ಪಿಸುವಂತೆಯೇ ಇಲ್ಲ. ಎಥನಾಲ್ ಸೋರಿದರೆ ಪೆಟ್ಟು ಬೀಳುವುದು ದನಿಯ ನರಕ್ಕೆ. ಒಂದು ಕಡೆಯ ನರ ಆಗಲೇ ಸತ್ತಿದ್ದು, ಇನ್ನೊಂದು ಕಡೆಯದೂ ಮುದುಡಿದರೆ ಉಸಿರೇ ಕಟ್ಟುತ್ತದೆ.

ಚಿಕಿತ್ಸೆಯ ದಿನ

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಸೂಜಿಗೆ ಹೆದರಿ ಮಾತ್ರೆ ಬಿಟ್ಟು ಹೃದಯಕ್ಕೆ ಕುತ್ತು ತಂದುಕೊಳ್ಳಬಾರದು. ಕುಡಿತ ಬಿಡಲು ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿರುವವರು ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರ ಹತ್ತಿರ ಒಂಟಿಯಾಗಿಯಾದರೂ ಹೇಳಬೇಕು, ಒಳಗೆ ಹೋಗುವ ಎಥನಾಲ್‌ಗೂ ಆ ಮಾತ್ರೆಗೂ ಆಗಿಬರುವುದಿಲ್ಲ. ಗರ್ಭಿಣಿಯರಿಗೆ ಹೆರಿಗೆ ಆಗುವ ತನಕ ಮುಂದೂಡುವುದು ರೂಢಿ. ಗಂಟು ಕೆಂಪಗಾಗಿ ನೋಯುತ್ತಿದ್ದರೆ ಮೊದಲು ಆಂಟಿಬಯಾಟಿಕ್, ಸೋಂಕು ಪೂರ್ತಿ ಇಳಿದ ಮೇಲೆಯೇ ಇದು.

ಮಂಪರು ಕೊಡುವುದಿಲ್ಲ ಎಂದಿದ್ದರೆ ಉಪವಾಸ ಬೇಡ. ಎರಡು ಗಂಟೆ ಮುಂಚೆ ಹಗುರಾಗಿ ತಿಂಡಿ ತಿಂದು ಬನ್ನಿ. ಹಳ್ಳಿಯಿಂದ ಬೆಳಿಗ್ಗೆ ಐದರ ಬಸ್ ಹಿಡಿದು ಖಾಲಿ ಹೊಟ್ಟೆಯಲ್ಲಿ ಮೇಜಿನ ಮೇಲೆ ಮಲಗಿದವರಿಗೆ ಸೂಜಿ ಕಂಡ ಕೂಡಲೇ ಕಣ್ಣು ಕತ್ತಲೆ ಬರುವುದು ಹೆಚ್ಚು. ಕೊರಳ ಸರ, ಕರಿಮಣಿ ಮನೆಯಲ್ಲೇ ಇಡಿ. ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಳ್ಳಿ.

ಭುಜದ ಕೆಳಗೆ ದಿಂಬಿಟ್ಟು ತಲೆ ಹಿಂದಕ್ಕೆ ಬಾಗಿಸಿ ಮಲಗಿಸುತ್ತಾರೆ. ಸೂಜಿ ಒಳಗಿರುವಾಗ ನುಂಗಬಾರದು, ಕೆಮ್ಮಬಾರದು, ಮಾತಾಡಬಾರದು. ತೀರಾ ತಡೆಯದಿದ್ದರೆ ಕೈಬೆರಳೆತ್ತಬೇಕು. ಚರ್ಮಕ್ಕೆ ಲಿಗ್ನೋಕೇನ್ ಹಾಕಿ ಮರಗಟ್ಟಿಸಿದ ಮೇಲೆ ಸ್ಕ್ಯಾನ್ ತೆರೆಯಲ್ಲಿ ನೋಡುತ್ತಲೇ ಸೂಜಿ ಒಳಗೆ ಹೋಗುತ್ತದೆ. ಥೈರಾಯ್ಡ್ ಗಂಟಾದರೆ ನಡುವಿನ ಸೇತುವೆಯಂಥ ಭಾಗದ ಮೂಲಕ ಓರೆಯಾಗಿ ಹೋಗುವುದು ಒಳ್ಳೆಯ ಕ್ರಮ. ಸೂಜಿಯ ಸುತ್ತ ಗ್ರಂಥಿಯ ಮಾಂಸ ಇರುವುದರಿಂದ ಅಕಸ್ಮಾತ್ ನುಂಗಿದರೂ ಅದು ಜರುಗುವುದಿಲ್ಲ, ಎಥನಾಲ್ ಹಿಂದಕ್ಕೆ ಸೋರುವುದೂ ಕಡಿಮೆ.

ಆಮೇಲೆ ನೀರು ಎಳೆಯುವುದು. ಅದರ ಬಣ್ಣವೇ ಬಹಳಷ್ಟು ಹೇಳುತ್ತದೆ. ಹುಲ್ಲಿನ ಹಳದಿ ಬಂದರೆ ಸಾಮಾನ್ಯ. ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ಹಿಂದೊಮ್ಮೆ ಒಳಗೇ ರಕ್ತ ಸುರಿದು ಹಳತಾಗಿದೆ ಎಂದರ್ಥ, ಇದೂ ಸಾಮಾನ್ಯವೇ. ಗಾಜಿನಂಥ ತಿಳಿನೀರು ಬಂದರೆ ಡಾಕ್ಟರ್ ಅಲ್ಲಿಗೇ ನಿಲ್ಲಿಸಿ ಯೋಚಿಸಬೇಕು. ಅದು ಥೈರಾಯ್ಡ್ ಹಿಂದಿನ ಪ್ಯಾರಾಥೈರಾಯ್ಡ್ ಸಿಸ್ಟ್ ಇರಬಹುದು, ನೀರಿನಲ್ಲಿ ಪಿಟಿಎಚ್ ಹಾರ್ಮೋನ್ ನೋಡಿಸಿದರೆ ತಿಳಿಯುತ್ತದೆ. ಕೀವು ಬಂದರೆ ಎಥನಾಲ್ ಕೈಬಿಟ್ಟು ಟಿಬಿ ಮತ್ತು ಸೋಂಕಿನ ಪರೀಕ್ಷೆಗೆ ಕಳಿಸಬೇಕು. ಇನ್ನು ಕೆಲವರಲ್ಲಿ ಜೋನಿಬೆಲ್ಲದಂಥ ಗಟ್ಟಿ ಕೊಲಾಯ್ಡ್ ಇರುತ್ತದೆ, ಸಣ್ಣ ಸೂಜಿಯಲ್ಲಿ ಒಂದು ಹನಿಯೂ ಬರುವುದಿಲ್ಲ. ಆಗ 16 ಅಥವಾ 18 ಗೇಜ್‌ನ ದಪ್ಪ ಸೂಜಿ ಬೇಕು, ಸಲೈನ್ ಬಿಟ್ಟು ತೊಳೆದು ತೊಳೆದು ತೆಗೆಯಬೇಕು. ಜಿಗುಟು ಗೋಡೆಗೆ ಮೆತ್ತಿಕೊಂಡೇ ಉಳಿದರೆ ಎಥನಾಲ್ ಗೋಡೆಗೆ ಮುಟ್ಟುವುದಿಲ್ಲ. ‘ಮಾಡಿಸಿದೆ, ಕೆಲಸ ಮಾಡಲಿಲ್ಲ’ ಎನ್ನುವ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಈ ಅರೆಬರೆ ತೊಳೆತ. ತೆಗೆದ ನೀರಿನಲ್ಲಿ ಒಂದು ಪಾಲು ಕೋಶ ಪರೀಕ್ಷೆಗೆ ಹೋಗಲೇಬೇಕು.

ಚೀಲವನ್ನು ಚೂರೂ ಬಿಡದೆ ಖಾಲಿ ಮಾಡಿದರೆ ಗೋಡೆ ಮುಚ್ಚಿಕೊಂಡು ಸೂಜಿಯ ತುದಿ ಎಲ್ಲಿದೆ ಎಂದೇ ತೆರೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಒಂದಿಷ್ಟು ದ್ರವ ಉಳಿಸಿಕೊಂಡು, ಸೂಜಿ ಹೊರತೆಗೆಯದೆ ಸಿರಿಂಜ್ ಮಾತ್ರ ಬದಲಾಯಿಸಿ ಎಥನಾಲ್ ಬಿಡುತ್ತಾರೆ. ಪ್ರಮಾಣ: ತೆಗೆದ ನೀರಿನ ಅರ್ಧದಷ್ಟು, ಹೆಚ್ಚೆಂದರೆ 10 ಮಿ.ಲೀ. 8 ಮಿ.ಲೀ. ತೆಗೆದರೆ 4 ಮಿ.ಲೀ., 30 ತೆಗೆದರೂ 15 ಅಲ್ಲ, 10ಕ್ಕೇ ನಿಲ್ಲಿಸುವುದು. ನಿಧಾನಕ್ಕೆ ಬಿಡಬೇಕು, ಒತ್ತಡ ಹೆಚ್ಚಾದರೆ ಬಿರುಕಿನಿಂದ ಹೊರಗೆ ನುಗ್ಗುತ್ತದೆ. ತೆರೆಯ ಮೇಲೆ ಕಪ್ಪು ಚೀಲದೊಳಗೆ ಬಿಳಿ ನೊರೆ ಸುಳಿಯುವುದು ಕಾಣುತ್ತದೆ. ನೊರೆ ಚೀಲದ ಹೊರಗೆ ಕಂಡರೆ, ಅಥವಾ ಮಲಗಿದವರು ದವಡೆಗೆ, ಕಿವಿಗೆ ಚಳುಕು ಹೊಡೆಯಿತೆಂದು ಬೆರಳೆತ್ತಿದರೆ ತಕ್ಷಣ ನಿಲ್ಲಿಸಬೇಕು. ಒಳ್ಳೆಯ ಡಾಕ್ಟರ್ ನಡುನಡುವೆ ಕೈ ತಡೆದು ‘ಈ…’ ಎನ್ನಿ ಎಂದು ದನಿ ಕೇಳುತ್ತಾರೆ.

ಎಥನಾಲನ್ನು 2ರಿಂದ 10 ನಿಮಿಷ ಒಳಗಿಟ್ಟು ವಾಪಸ್ ಎಳೆಯುವ ಪದ್ಧತಿ ಒಂದು, ಸ್ವಲ್ಪ ಪ್ರಮಾಣವನ್ನು ಒಳಗೇ ಬಿಟ್ಟುಬಿಡುವುದು ಇನ್ನೊಂದು. ಎರಡೂ ಚಾಲ್ತಿಯಲ್ಲಿವೆ. ವಾಪಸ್ ಎಳೆಯುವುದೇ ನಮಗೆ ಮೇಲೆನಿಸುತ್ತದೆ, ಸೋರುವುದಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ. ಕೊನೆಯ ಹಂತವನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ: ಸೂಜಿ ಎಳೆಯುವ ಮುನ್ನ ಅದರೊಳಗೆ ಒಂದಿಷ್ಟು ಸಲೈನ್ ಅಥವಾ ಲಿಗ್ನೋಕೇನ್ ಹಾಯಿಸಬೇಕು. ಇಲ್ಲವಾದರೆ ಸೂಜಿಯಲ್ಲಿ ಉಳಿದ ಎರಡು ಹನಿ ದಾರಿಯುದ್ದಕ್ಕೂ ಸೋರಿ, ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯುತ್ತದೆ.

‘ಮೈಗೆ ಸಾರಾಯಿ ಸೇರಿಸಿದ ಹಾಗಲ್ಲವೇ’ ಎಂಬ ಅಳುಕು ಹಲವರಿಗೆ. 30 ಮಿ.ಲೀ.ನ ಒಂದು ಪೆಗ್‌ನಲ್ಲಿ, ಇಲ್ಲಿ ಮಾರುವ ಶೇ 42.8ರ ಲೆಕ್ಕದಲ್ಲಿ, ಸುಮಾರು 12.8 ಮಿ.ಲೀ. ಎಥನಾಲ್ ಇರುತ್ತದೆ. ಇಲ್ಲಿ ಬಳಸುವ ಗರಿಷ್ಠ 10 ಮಿ.ಲೀ., ಅದರಲ್ಲೂ ಹೆಚ್ಚಿನದು ವಾಪಸ್ ಬರುತ್ತದೆ. ಕೆಲವರಿಗೆ ಮುಖ ಕೆಂಪೇರಿ ತುಸು ಅಮಲು ಬಂದಂತಾಗಬಹುದು, ಆದ್ದರಿಂದ ಆ ದಿನ ಬೈಕ್ ಓಡಿಸಬೇಡಿ. ಬಳಸುವುದು ಇಂಜೆಕ್ಷನ್‌ಗೆಂದೇ ತಯಾರಿಸಿದ ಸ್ಟೆರೈಲ್ ಎಥನಾಲ್ ಮಾತ್ರ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್ ಅಲ್ಲ. ಸ್ಕ್ಯಾನ್ ಇಲ್ಲದೆ ಕೈಯಳತೆಯಲ್ಲೇ ಚುಚ್ಚುತ್ತೇನೆ ಎನ್ನುವವರ ಬಾಗಿಲಿಂದ ಎದ್ದು ಬನ್ನಿ.

ಮನೆಗೆ ಹೋದ ಮೇಲೆ

10–15 ನಿಮಿಷ ಅದುಮಿ ಹಿಡಿದು, ಒಂದು ಗಂಟೆ ಕೂರಿಸಿಕೊಂಡು, ದನಿ ಮತ್ತು ಊತ ನೋಡಿ ಕಳಿಸುತ್ತಾರೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ನೋವಿಗೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಂದು ಸಾಕು. ಎರಡು ಮೂರು ದಿನ ಕೊಡ ಹೊರುವುದು, ಗೊನೆ ಇಳಿಸುವುದು, ಹೊರೆ ಎತ್ತುವುದು ಬೇಡ.

ಮೊದಲ ವಾರ ಗಂಟು ಮುಂಚಿಗಿಂತ ಗಟ್ಟಿಯಾಗಿ, ಕೆಲವೊಮ್ಮೆ ದೊಡ್ಡದಾಗಿಯೂ ಕಾಣುತ್ತದೆ. ಸುಟ್ಟ ಗೋಡೆ ಊದಿರುತ್ತದೆ, ಒಳಗೆ ಒಂದಿಷ್ಟು ನೀರು ಮತ್ತೆ ಸೇರಿರುತ್ತದೆ. ಆಗ ಗಾಬರಿಯಾಗಿ ಬೇರೆ ಕಡೆ ಹೋಗಿ ಮತ್ತೆ ಚುಚ್ಚಿಸಿಕೊಂಡರೆ ಸೋಂಕಿಗೆ ನೀವೇ ದಾರಿ ಮಾಡಿಕೊಟ್ಟಂತೆ. 1, 3, 6, 12ನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿಸಬೇಕು. ಒಂದು ತಿಂಗಳಲ್ಲಿ ಮತ್ತೆ ನೀರು ತುಂಬಿ ತೊಂದರೆ ಕೊಡುತ್ತಿದ್ದರೆ ಎರಡನೇ ಸಲ ಮಾಡುತ್ತಾರೆ. ಅಪ್ಪಟ ನೀರುಗಂಟಿಗೆ ಒಂದೆರಡು ಸಲ ಸಾಮಾನ್ಯವಾಗಿ ಸಾಕಾಗುತ್ತದೆ.

ದನಿ ತುಸು ಒಡೆದರೆ ಬಹುತೇಕ ವಾರಗಳಲ್ಲಿ ಸರಿಹೋಗುತ್ತದೆ, ಆದರೂ ತೋರಿಸಿ. ಕುತ್ತಿಗೆ ನೋಡನೋಡುತ್ತಲೇ ಉಬ್ಬುವುದು, ಉಸಿರಾಡುವಾಗ ಸೀಟಿಯಂಥ ಸದ್ದು, ನುಂಗಲಾಗದಿರುವುದು, ಇವು ತಡೆದು ನೋಡುವ ಲಕ್ಷಣಗಳಲ್ಲ, 108ಕ್ಕೆ ಕರೆ ಮಾಡಿ. ಚಳಿಜ್ವರ, ಚರ್ಮ ಕೆಂಪಾಗುವುದು ಇದ್ದರೆ ಮರುದಿನವೇ ಹೋಗಿ. ಅಪಾಯದ ರಕ್ತಸ್ರಾವವಾದರೆ ಅದು ಹೆಚ್ಚಾಗಿ ಮೊದಲ ದಿನವೇ ಗೊತ್ತಾಗುತ್ತದೆ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಮಳೆಗಾಲದ ರಾತ್ರಿ ಕರೆಂಟೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ ಎನ್ನುವ ಕಡೆಯವರು ಅಂದು ಪೇಟೆಯಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ. ಮಣಿಪಾಲಕ್ಕೆ ಹೋಗಿ ಮಾಡಿಸಿಕೊಂಡು ಅದೇ ಸಂಜೆ ಆಗುಂಬೆ ಘಾಟಿಯ ತಿರುವು ಹತ್ತುವ ಹಟವೂ ಬೇಡ.

ಥೈರಾಯ್ಡ್ ಅಲ್ಲದ ಗಂಟುಗಳಿಗೆ

ಥೈರೋಗ್ಲಾಸಲ್ ಸಿಸ್ಟಿಗೆ 1920ರಲ್ಲಿ ಸಿಸ್ಟ್ರಂಕ್ ಎಂಬ ಶಸ್ತ್ರವೈದ್ಯರು ವಿವರಿಸಿದ ಆಪರೇಷನ್ನೇ ಇಂದಿಗೂ ಮಾನದಂಡ. ಗಂಟಿನ ಜೊತೆಗೆ ನಾಲಿಗೆ ಬುಡದ ಕೆಳಗಿರುವ ಹಯಾಯ್ಡ್ ಮೂಳೆಯ ನಡುಭಾಗವನ್ನೂ ತೆಗೆಯುತ್ತಾರೆ. ಗಂಟನ್ನಷ್ಟೇ ಕಿತ್ತರೆ ಅದು ಮರಳುವ ಸಂಭವ ಬಹಳ. ಆಪರೇಷನ್ ಬೇಡವೆನ್ನುವ ವಯಸ್ಕರಲ್ಲಿ, ಗಟ್ಟಿ ಭಾಗ ಇಲ್ಲದಿದ್ದರೆ ಎಥನಾಲ್ ಪ್ರಯತ್ನಿಸಬಹುದು. ಸೋತರೆ ಆಪರೇಷನ್ ದಾರಿ ತೆರೆದೇ ಇರುತ್ತದೆ, ಗಾಯದ ನಾರಿನಿಂದಾಗಿ ಬಿಡಿಸುವುದು ಒಂದಿಷ್ಟು ತ್ರಾಸ ಎಂಬುದನ್ನೂ ಮುಚ್ಚಿಡಬಾರದು. ಬ್ರಾಂಕಿಯಲ್ ಸಿಸ್ಟಿನ ಪಕ್ಕದಲ್ಲೇ ಮೆದುಳಿಗೆ ಹೋಗುವ ರಕ್ತನಾಳ, ನಾಲಿಗೆ ಮತ್ತು ಭುಜದ ನರಗಳಿವೆ. ಇಲ್ಲಿ ಆಪರೇಷನ್ನಿನದ್ದೇ ಮೇಲುಗೈ. ಚರ್ಮಕ್ಕೆ ಅಥವಾ ಗಂಟಲೊಳಕ್ಕೆ ತೂತು ತೆರೆದಿದ್ದರಂತೂ ಎಥನಾಲ್ ಸೋರುವುದರಿಂದ ಪ್ರಶ್ನೆಯೇ ಇಲ್ಲ.

ಮಕ್ಕಳ ಲಿಂಫ್ ಗಂಟಿಗೆ ಬ್ಲಿಯೋಮೈಸಿನ್, ಡಾಕ್ಸಿಸೈಕ್ಲಿನ್ ಅಥವಾ ಜಪಾನಿನ ಓಕೆ-432 ಔಷಧ ಬಿಡುತ್ತಾರೆ. ಒಂದೆರಡು ಸೆಂ.ಮೀ.ಗಿಂತ ದೊಡ್ಡ ಕೋಣೆಗಳಿರುವ ಗಂಟಿಗೆ ಇವು ಚೆನ್ನಾಗಿ ಹಿಡಿಯುತ್ತವೆ, ಸ್ಪಂಜಿನಂಥ ಸಣ್ಣ ಕೋಣೆಗಳದ್ದಕ್ಕೆ ಅಷ್ಟಕ್ಕಷ್ಟೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಓಕೆ-432 ಕೂಡದು, ಬ್ಲಿಯೋಮೈಸಿನ್‌ಗೆ ಶ್ವಾಸಕೋಶದ ಕಾರಣಕ್ಕೆ ಒಟ್ಟು ಡೋಸಿನ ಮಿತಿ ಇದೆ. ಹೆಚ್ಚಾಗಿ ಅರಿವಳಿಕೆ ಕೊಟ್ಟೇ ಮಾಡುವ ಕೆಲಸ, ಮಕ್ಕಳ ವಿಭಾಗವಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು.

ಥೈರಾಯ್ಡ್ ಗಂಟಿನಲ್ಲಿ ಗಟ್ಟಿ ಭಾಗ ಜಾಸ್ತಿಯಿದ್ದರೆ ಎಥನಾಲ್ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ನೀರು ಹೋದ ಮೇಲೆ ಉಳಿದ ಮಾಂಸಕ್ಕೆ ರೇಡಿಯೋಫ್ರೀಕ್ವೆನ್ಸಿ ಸೂಜಿಯಿಂದ ಶಾಖ ಕೊಡಬಹುದು, ಖರ್ಚು ಮಾತ್ರ ಹೆಚ್ಚು. ಗಂಟು ಎದೆಮೂಳೆಯ ಹಿಂದಕ್ಕೆ ಇಳಿದಿದ್ದರೆ, ಕೋಶ ಪರೀಕ್ಷೆಯಲ್ಲಿ ಸಂಶಯ ಉಳಿದಿದ್ದರೆ, ಎರಡು ಮೂರು ಸಲವೂ ಎಥನಾಲ್ ಸೋತಿದ್ದರೆ ಆಪರೇಷನ್ನೇ ನ್ಯಾಯ. ಅರ್ಧ ಥೈರಾಯ್ಡ್ ತೆಗೆಸಿಕೊಂಡವರಲ್ಲಿ ಒಂದು ಪಾಲು ಜನ ಆಮೇಲೆ ಹಾರ್ಮೋನ್ ಮಾತ್ರೆ ನುಂಗಬೇಕಾಗುತ್ತದೆ ಎಂಬುದು ಗೊತ್ತಿರಲಿ. ಏನೂ ತೊಂದರೆ ಕೊಡದ, ಕಣ್ಣಿಗೂ ಕಾಣದ ಸಣ್ಣ ನೀರುಗಂಟಿಗೆ ಏನೂ ಮಾಡಿಸದೆ ಇರುವುದೂ ಸರಿಯಾದ ಚಿಕಿತ್ಸೆಯೇ.

ಎಲ್ಲಿ, ಏನು ಕೇಳಬೇಕು

ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯ ಇಎನ್‌ಟಿ ಅಥವಾ ಸರ್ಜರಿ ಹೊರರೋಗಿ ವಿಭಾಗದಿಂದ ಶುರುಮಾಡಿದರೆ ಸ್ಕ್ಯಾನ್, ಎಫ್‌ಎನ್‌ಎಸಿ, ಟಿಬಿ ಪರೀಕ್ಷೆಗೆ ಊರೂರು ಅಲೆಯುವುದು ತಪ್ಪುತ್ತದೆ. ಎಥನಾಲ್ ಚಿಕಿತ್ಸೆ ಮಾಡುವವರು ಸ್ಕ್ಯಾನ್ ನೋಡಿ ಸೂಜಿ ಹಾಕಿ ಕೈ ಪಳಗಿದ ರೇಡಿಯಾಲಜಿಸ್ಟ್, ಇಎನ್‌ಟಿ ಅಥವಾ ಥೈರಾಯ್ಡ್ ಸರ್ಜನ್ ಆಗಿರಬೇಕು. ನೇರವಾಗಿಯೇ ಕೇಳಿ: ಇಂಥವು ಎಷ್ಟು ಮಾಡಿದ್ದೀರಿ? ಎಥನಾಲ್ ವಾಪಸ್ ಎಳೆಯುತ್ತೀರಾ? ದನಿ ಕೆಟ್ಟರೆ ಯಾರು ನೋಡುತ್ತಾರೆ? ಎರಡನೇ ಸಲಕ್ಕೂ ಪೂರ್ತಿ ದುಡ್ಡೇ? ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದವರು ಇದು ಯಾವ ಪ್ಯಾಕೇಜಿನ ಹೆಸರಲ್ಲಿ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಸೂಜಿಗೆ ಮುಂಚೆಯೇ ಕೌಂಟರಿನಲ್ಲಿ ವಿಚಾರಿಸಬೇಕು. ಬಿಲ್ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಫೈಲಿನ ವಿಷಯ ಒಂದು ಬಾಕಿ. ಎಥನಾಲ್ ಬಿಟ್ಟ ಗಂಟು ಸುಕ್ಕಿದ ಮೇಲೆ ಸ್ಕ್ಯಾನಿನಲ್ಲಿ ಕಪ್ಪಗೆ, ಅಂಚು ಒರಟಾಗಿ, ಥೇಟ್ ಕ್ಯಾನ್ಸರ್ ಗಂಟಿನಂತೆಯೇ ಕಾಣಬಹುದು. ಹಳೆಯ ಕಥೆ ಗೊತ್ತಿಲ್ಲದ ಹೊಸ ಡಾಕ್ಟರ್ ಅದನ್ನು ಕಂಡು ಮತ್ತೆ ಸೂಜಿ, ಮತ್ತೆ ಆಪರೇಷನ್ ಎಂದು ಬರೆಯುವುದು ಸಹಜ. ಚಿಕಿತ್ಸೆಗೆ ಮುಂಚಿನ ಸ್ಕ್ಯಾನ್ ಚಿತ್ರ, ಎಫ್‌ಎನ್‌ಎಸಿ ರಿಪೋರ್ಟ್, ಎಷ್ಟು ಮಿ.ಲೀ. ನೀರು ತೆಗೆದು ಎಷ್ಟು ಎಥನಾಲ್ ಬಿಟ್ಟರು ಎಂಬ ಚೀಟಿ, ಮೂರನ್ನೂ ಫೋನಿನಲ್ಲಿ ಫೋಟೊ ತೆಗೆದಿಡಿ. ಥರ್ಮಲ್ ಕಾಗದದ ಸ್ಕ್ಯಾನ್ ಚಿತ್ರ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿ ಬಿಳಿಯಾಗಿರುತ್ತದೆ. ಉಳಿದ ಕಾಗದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ಅಟ್ಟದ ಮೇಲಲ್ಲ, ಬೀರುವಿನಲ್ಲಿಡಿ. ಮುಂದಿನ ಸಲ ಯಾರೇ ಕುತ್ತಿಗೆಗೆ ಸ್ಕ್ಯಾನ್ ಹಿಡಿದರೂ ಜೆಲ್ ಹಚ್ಚುವ ಮುಂಚೆಯೇ ಹೇಳಿ: ‘ಇದಕ್ಕೆ ಎಥನಾಲ್ ಬಿಟ್ಟಿದ್ದಾರೆ, ಇಂಥ ತಿಂಗಳು, ಇಂಥ ವರ್ಷ.’